ಬಲತೋಳಿನ ಬಿಳಿ ಜೇಡಿ

ಎನ್ಸುವಾನೊ
ಮಂಗಳವಾರ, 6 ಫೆಬ್ರವರಿ 1872

ಕ್ವಮೆನಾ,

ಈ ಕಾಗದ ನಿನ್ನ ಕೈಗೆ ಬರುವ ಮೊದಲು ಬಿಳಿಯರ ಕೋಟೆಯಲ್ಲಿ ಒಬ್ಬ ಅದನ್ನು ಒಡೆದು ಓದುತ್ತಾನೆ ಎಂದು ನೀನು ಹಡಗು ಹತ್ತುವಾಗ ಹೇಳಿದ್ದೆ. ಓದಲಿ. ಓದುವ ಮಹಾರಾಯನೇ, ನಿನಗೂ ನಮಸ್ಕಾರ. ನಿನ್ನ ಹೆಂಡತಿಗೆ ಒಳ್ಳೆಯ ಬಟ್ಟೆ ಬೇಕಾದರೆ ಸಂತೆಯಲ್ಲಿ ಅರಬಾಳ ಅಂಗಡಿ ಎಲ್ಲಿ ಎಂದು ಕೇಳು, ಕುರುಡರೂ ತೋರಿಸುತ್ತಾರೆ.

ಇವತ್ತು ಮಂಗಳವಾರ. ಸಮುದ್ರಕ್ಕೆ ಬಿಡುವು, ದೋಣಿಗಳೆಲ್ಲ ಮರಳಿನ ಮೇಲೆ ಮಗುಚಿ ಬಿದ್ದಿವೆ. ನಾನು ಹುಟ್ಟಿದ ವಾರವೂ ಇದೇ. ಮದುವೆಯ ಹೊಸದರಲ್ಲಿ ನೀನು, "ಅರಬಾ ಹುಟ್ಟಿದ ವಾರ ಸಮುದ್ರಾನೂ ಹೆದರ್ಕೊಂಡು ಸುಮ್ನಿರುತ್ತೆ" ಎಂದು ರೇಗಿಸುತ್ತಿದ್ದೆ. ಮೀನಿಲ್ಲದ ದಿನ ಸಂತೆಯೂ ಮಂಕು, ಬರೆಯಲು ಹೊತ್ತು ಸಿಗುತ್ತದೆ. ಇನ್ನು ಮೇಲೆ ಮಂಗಳವಾರ ನನ್ನ ಕಾಗದ, ನೀನು ಹುಟ್ಟಿದ ಶನಿವಾರ ನಿನ್ನ ಕಾಗದ. ಆಯಿತೇ?

ನಿನ್ನನ್ನು ಕರೆದೊಯ್ದು ಮೂರು ವಾರವಾಯಿತು. ನಮ್ಮ ಶಾಲೆ, ನಮ್ಮ ದಾರಿ, ನಮ್ಮ ನ್ಯಾಯ ನಾವೇ ನೋಡಿಕೊಳ್ಳುತ್ತೇವೆ ಎಂದು ಐದು ಮಂದಿ ಅರಸರು ಒಂದೇ ಕಾಗದಕ್ಕೆ ಗುರುತು ಒತ್ತಿ ಒಕ್ಕೂಟ ಕಟ್ಟಿದ್ದು ರಾಜದ್ರೋಹವಂತೆ. ಅರಸರ ಮೈ ಮುಟ್ಟಲು ಧೈರ್ಯ ಸಾಲದೆ, ಅದನ್ನು ಬರೆದ ಕಾರ್ಯದರ್ಶಿಯನ್ನು ಹಡಗಿಗೆ ಹತ್ತಿಸಿದರು. ಇದನ್ನು ನಾನು ದೂರಲು ಬರೆಯುತ್ತಿಲ್ಲ. ಓದುವವನಿಗೆ ಮರೆತಿದ್ದರೆ ನೆನಪಾಗಲಿ ಎಂದು ಬರೆದೆ.

ಇಲ್ಲಿ ಎಲ್ಲ ಕ್ಷೇಮ. ನಿನ್ನ ಮಗಳು ಅಬಾ ಮುಂದಿನ ಹಲ್ಲು ಬೀಳಿಸಿಕೊಂಡು, ಅದನ್ನು ಅಪ್ಪನಿಗೆ ಕಳಿಸು ಎಂದು ಹಟ ಹಿಡಿದಿದ್ದಾಳೆ. ವ್ಯಾಪಾರ ಪರವಾಗಿಲ್ಲ. ಕಳೆದ ವಾರ ಮನೆ ಗುಡಿಸುವ ಕೆಲಸ ಜೋರಾಗಿ ನಡೆಯಿತು. ನಿನ್ನ ಪುಸ್ತಕದ ಪೆಟ್ಟಿಗೆಯಿಂದ ಹಿಡಿದು ಎಕುವಾ ಚಿಕ್ಕಮ್ಮನ ಹಾಸಿಗೆಯ ಹುಲ್ಲಿನವರೆಗೆ ಎಲ್ಲವೂ ಅಂಗಳಕ್ಕೆ ಬಂದು ಬಿಸಿಲು ಕಂಡವು. ಗುಡಿಸಿದವರಿಗೆ ಬೇಕಾದ ಕಸವೊಂದು ಸಿಗಲಿಲ್ಲ, ಅಷ್ಟೇ.

ಕಡಲ ದಂಡೆಯಲ್ಲಿ ನಾನು ಉಟ್ಟ ಬಟ್ಟೆಯನ್ನೇ ಹರಿದು ಅರ್ಧ ನಿನಗೆ ಕೊಟ್ಟೆನಲ್ಲ, ಅದನ್ನು ಹೊದ್ದುಕೋ. ಪೆಟ್ಟಿಗೆಯಲ್ಲಿ ಮಡಿಸಿಡಬೇಡ. ನಿನ್ನ ಬುದ್ಧಿ ನನಗೆ ಗೊತ್ತು.

ಅರಬಾ


ಫ್ರೀಟೌನ್
ಶನಿವಾರ, 2 ಮಾರ್ಚ್ 1872

ಪ್ರೀತಿಯ ಅರಬಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಈ ಊರಿನ ಗುಡ್ಡಗಳು ಚೆನ್ನಾಗಿವೆ. ನನಗೊಂದು ಕೋಣೆ ಕೊಟ್ಟಿದ್ದಾರೆ, ಕಿಟಕಿಯಿದೆ. ಹಗಲು ಹೊತ್ತು ಬೀದಿಯ ಕೊನೆಯವರೆಗೆ ನಡೆದುಬರಬಹುದು, ಅದರಾಚೆ ಹೋಗುವಂತಿಲ್ಲ. ನನ್ನ ಅರ್ಜಿಯನ್ನು ಇಲ್ಲಿನ ದೊಡ್ಡ ನ್ಯಾಯಾಧೀಶರು ಕೇಳುತ್ತಾರಂತೆ. ಯಾವಾಗ ಎಂದು ಯಾರೂ ಹೇಳುವುದಿಲ್ಲ.

ಆರೋಗ್ಯ ಚೆನ್ನಾಗಿದೆ. ಅಕ್ಷರ ಸೊಟ್ಟಗಿರುವುದು ಕಂಡು ಗಾಬರಿಯಾಗಬೇಡ, ಇಲ್ಲಿನ ಮೇಜು ಕುಂಟು. ಊಟಕ್ಕೆ ದಿನಾ ಅಕ್ಕಿ. ಹುಳಿ ಬಂದ ಜೋಳದ ಕೆಂಕಿ ಮುದ್ದೆ, ಸುಟ್ಟ ಮೀನು ತಿಂದು ಎಷ್ಟು ಕಾಲವಾಯಿತೋ. ನಮ್ಮ ಕಡೆಯ ಕೋಲಾಕಾಯಿ ವ್ಯಾಪಾರದ ಬೆನಿವಾ ಹಡಗಿನಲ್ಲಿ ಇಲ್ಲಿಗೂ ಬರುತ್ತಾಳಂತೆ, ಬಂದರೆ ಅವಳ ಕೈಯಲ್ಲಿ ಒಣಮೀನು ಕಳಿಸು.

ಒಂದು ಮಾತು, ಸಿಟ್ಟಾಗಬೇಡ. ನಾನು ಇಲ್ಲಿ ಹೀಗಿರುವಾಗ ಕೂಲಿಯವರನ್ನಿಟ್ಟು ಮನೆ ಗುಡಿಸಿ ಸಿಂಗರಿಸುವ ಸಡಗರ ಯಾಕೆ ಬೇಕಿತ್ತು ಎಂದು ನನಗನ್ನಿಸಿತು. ಜನ ಏನಂದುಕೊಳ್ಳುತ್ತಾರೆ? ಗಂಡ ಸೆರೆಯಲ್ಲಿರುವಾಗ ಹೆಂಡತಿ ಹಬ್ಬ ಮಾಡುತ್ತಿದ್ದಾಳೆ ಎನ್ನುವುದಿಲ್ಲವೇ? ನೀನು ಅಂಗಡಿ ನೋಡಿಕೊಂಡು ತಗ್ಗಿ ನಡೆ. ಒಕ್ಕೂಟದ ವಿಷಯ ನಿನಗೆ ಬೇಡ. ಅದು ಅರಸರದ್ದು, ನನ್ನದು. ನಿನ್ನ ಮೇಲೆ ಯಾರ ಕಣ್ಣೂ ಬೀಳಬಾರದು, ನನಗೆ ಅಷ್ಟೇ ಬೇಕಾದ್ದು.

ಅಬಾಳ ಹಲ್ಲನ್ನು ಕಳಿಸಿದ್ದರೆ ಇಟ್ಟುಕೊಳ್ಳುತ್ತಿದ್ದೆ.

ನಿನ್ನ ಕ್ವಮೆನಾ


ಎನ್ಸುವಾನೊ
ಮಂಗಳವಾರ, 9 ಏಪ್ರಿಲ್ 1872

ಕ್ವಮೆನಾ,

ಹಬ್ಬ ಮಾಡುತ್ತಿದ್ದೇನೆಯೇ? ಇರಲಿ. ನೀನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗಲೂ ಹೀಗೆಯೇ. ಹುಡುಗರು ಕಿಟಕಿಯಿಂದ ಹಾರಿ ಹೋಗುತ್ತಿದ್ದರೆ ನೀನು ಕಪ್ಪುಹಲಗೆಯ ಕಡೆ ತಿರುಗಿ ಕಾಗುಣಿತ ತಿದ್ದುತ್ತಿದ್ದೆ. ಎಕುವಾ ಚಿಕ್ಕಮ್ಮನಿಗೆ ಆ ಸಾಲನ್ನು ಓದಿ ಹೇಳಿದೆ. ಅವಳು, "ಅಯ್ಯೋ, ಓದಿದೋರಿಗೆ ಬರೆದಿದ್ದು ಬಿಟ್ರೆ ಬೇರೇನೂ ಅರ್ಥ ಆಗಲ್ಲ ಕಣೇ" ಎಂದು ನಕ್ಕಳು. ನಾನು ನಗಲಿಲ್ಲ. ಸಿಟ್ಟು ಬಂದಿತ್ತು, ಈಗ ಇಳಿದಿದೆ.

ಕುಂಟು ಮೇಜಿಗೆ ಒಂದು ಕಾಲಿನ ಕೆಳಗೆ ಚಕ್ಕೆ ಕೊಟ್ಟರೆ ಸರಿಹೋಗುತ್ತದೆ. ಇಷ್ಟೂ ತಿಳಿಯದೇ ನಿನಗೆ? ನಿನ್ನ 'ಅ' ಅಕ್ಷರ ಯಾವಾಗಲೂ ಹೊಟ್ಟೆ ಮುಂದೆ ಮಾಡಿ ನಿಲ್ಲುತ್ತಿತ್ತು, ಈಗ ಬೆನ್ನು ಬಗ್ಗಿಸಿದೆ. ನಿಜ ಹೇಳು.

ಊರ ಸುದ್ದಿ. ಕೋಟೆಯವರು ಡಂಗುರ ಸಾರಿದ್ದಾರೆ. ಜೂನ್ ಮೊದಲ ತಾರೀಕಿನೊಳಗೆ ಕೋಟೆಗೆ ಬಂದು 'ನಾನು ಒಕ್ಕೂಟ ಬಿಟ್ಟೆ' ಎಂದು ಗುರುತು ಒತ್ತುವ ಅರಸನಿಗೆ ಕ್ಷಮೆಯಂತೆ. ಬಾರದವನ ಸಿಂಹಾಸನವನ್ನು ಬೇರೆಯವರಿಗೆ ಕೊಡುತ್ತಾರಂತೆ. ಐವರಲ್ಲಿ ಮೂವರು ಹೋಗುವವರಿದ್ದಾರೆ ಎಂದು ಸಂತೆಯಲ್ಲಿ ಮಾತು. "ಕಾರ್ಯದರ್ಶೀನೇ ಇಲ್ಲ, ಇನ್ನು ಒಕ್ಕೂಟ ಎಲ್ಲಿಂದ ಬಂತು" ಅನ್ನುತ್ತಾರೆ. ಮೂವರು ಹೋದರೆ ಉಳಿದ ಇಬ್ಬರು ನಿಲ್ಲುವುದಿಲ್ಲ. ಆಮೇಲೆ ನೀನು ಅಲ್ಲಿ ಕೂತಿರುವುದು ಯಾತಕ್ಕೆ ಎಂದು ನನ್ನನ್ನು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿರುವುದಿಲ್ಲ.

ನಾನಂತೂ ಅಂಗಡಿಯವಳು, ಇದರಲ್ಲೆಲ್ಲ ತಲೆ ಹಾಕುವುದಿಲ್ಲ. ಮುದಿ ಅರಸ ಅಮಿಸಾನ ಊರಾದ ಅಬೆಕೂರಿನಲ್ಲಿ ಈ ಸಲ ತಾಳೆ ಎಣ್ಣೆ ಒಳ್ಳೆಯದು ಬಂದಿದೆಯಂತೆ. ಎರಡು ದಿನದ ನಡಿಗೆ, ಹೋಗಿಬರುತ್ತೇನೆ. ಎಣ್ಣೆ ತರಲು.

ಬೆನಿವಾ ಬಂದಿದ್ದಾಳೆ, ಒಣಮೀನು ಕಟ್ಟಿಕೊಟ್ಟಿದ್ದೇನೆ. ಅವಳ ಬಾಯಿಗೆ ಬೀಗವಿಲ್ಲ. ಅವಳು ಹೇಳಿದ್ದನ್ನೆಲ್ಲ ನಂಬಬೇಡ.

ಅರಬಾ


ಫ್ರೀಟೌನ್
ಶನಿವಾರ, 27 ಏಪ್ರಿಲ್ 1872

ಅರಬಾ,

ಬೆನಿವಾ ಬಂದು ಮೀನು ಕೊಟ್ಟಳು. ನೀನು ನಂಬಬೇಡ ಎಂದ ಮಾತುಗಳನ್ನೂ ಹೇಳಿದಳು. "ಗುಡಿಸೋದಾ? ಕೋಟೆ ಸಿಪಾಯಿಗಳು ಕಣಪ್ಪಾ! ಗೋಡೆ ಗಾರೇನೂ ಕೆರೆದು ನೋಡಿದ್ರು" ಎಂದಳು. ನಾನು ಹಬ್ಬವೆಂದೆ. ಬಾಯಿಗೆ ಮಣ್ಣು ಬೀಳಲಿ ನನ್ನದು. ನಿನ್ನ ಅಂಗಡಿಗೆ ನಾನು ಹಡಗು ಹತ್ತಿದ ವಾರದಿಂದಲೇ ಕೋಟೆಯ ಬೀಗ ಬಿದ್ದಿದೆಯಂತೆ. ಹಡಗಿನವರು ನಿನಗೆ ಬಟ್ಟೆ ಕೊಡಬಾರದು ಎಂದು ಆಜ್ಞೆಯಂತೆ. 'ವ್ಯಾಪಾರ ಪರವಾಗಿಲ್ಲ' ಎಂದು ಬರೆದಿದ್ದೆಯಲ್ಲ ಅರಬಾ.

ನಾನು ಮೂರು ದಿನ ಯೋಚಿಸಿದೆ. ಈ ಕಾಗದವನ್ನು ಬೇಕೆಂದೇ ಅಂಚೆಯಲ್ಲಿ ಹಾಕುತ್ತಿದ್ದೇನೆ, ಕೋಟೆಯವರು ಓದಲೆಂದೇ. ಬೆನಿವಾ ನಿನಗೊಂದು ಗಂಟು ತರುತ್ತಾಳೆ. ಅದರಲ್ಲಿ ಬಿಳಿ ಜೇಡಿಯ ಉಂಡೆಯಿದೆ. ನಮ್ಮಲ್ಲಿ ಗಂಡ ಹೆಂಡತಿಯನ್ನು ಬಿಡುವಾಗ ಅವಳ ಕಾಲ ಮುಂದೆ ಜೇಡಿ ಉದುರಿಸುವುದು ಯಾಕೆಂದು ಇದನ್ನು ಓದುವ ದೊರೆಗೂ ತಿಳಿಯಲಿ. ಇವಳ ಮೇಲೆ ನನಗಿನ್ನು ಹಕ್ಕಿಲ್ಲ, ನನ್ನ ತಪ್ಪು ಇವಳದಲ್ಲ, ಇವಳ ದಾರಿ ಇವಳದು ಎಂದರ್ಥ. ನನ್ನ ಕುಲದ ಹಿರಿಯ ಬೊಟ್ವೆ ಮಾವನಿಗೂ ಬರೆದಿದ್ದೇನೆ, ಸಾಕ್ಷಿಗಳೊಂದಿಗೆ ಬಂದು ಶಾಸ್ತ್ರ ಮುಗಿಸುತ್ತಾನೆ. ಮಗಳು ಹೇಗೂ ತಾಯಿಯಾದ ನಿನ್ನ ಕುಲದವಳೇ, ನಿನ್ನ ಹತ್ತಿರವೇ ಇರುತ್ತಾಳೆ.

ಇಂದಿನಿಂದ ಅರಬಾ ನನ್ನ ಹೆಂಡತಿಯಲ್ಲ. ಅವಳ ಅಂಗಡಿಯ ಬೀಗ ತೆಗೆಯಿರಿ.

ಇದರಲ್ಲಿ ಅಕ್ಷರ ಸೊಟ್ಟಗಿರುವುದು ಮೇಜಿನ ತಪ್ಪಲ್ಲ.

ಕ್ವಮೆನಾ ಎಜಿರ್


ಎನ್ಸುವಾನೊ
ಮಂಗಳವಾರ, 28 ಮೇ 1872

ನನ್ನ ರಾಜ, ನನ್ನ ಗೆದ್ದ ಗಂಡನೇ,

ನೀನು ಎಂಥವನು! ಇಷ್ಟು ದೊಡ್ಡ ಸುದ್ದಿಗೆ ಒಂದು ಸಾಲು ಬರೆಯಬಾರದೇ? ಕಾಗದವೇ ಬರಲಿಲ್ಲ. ಬೆನಿವಾ ಬಂದು ಗಂಟು ಕೈಗಿಟ್ಟಳು, ಬಿಚ್ಚಿದರೆ ಬಿಳಿ ಜೇಡಿ! ನ್ಯಾಯದಲ್ಲಿ ಗೆದ್ದವನ ತೋಳಿಗೆ ಜೇಡಿ ಬಳಿದು ಊರೆಲ್ಲ ಮೆರೆಸುವುದು ನಮ್ಮಲ್ಲಿ ಅಜ್ಜನ ಕಾಲದಿಂದ ಬಂದದ್ದು. ಗೆದ್ದವನು ದೂರದಲ್ಲಿದ್ದರೆ ಅವನ ಪರವಾಗಿ ಅವನ ಮನೆಯವಳು ಬಳಿದುಕೊಳ್ಳಬೇಕು. ನಾನು ತಡಮಾಡಲಿಲ್ಲ. ಬಲತೋಳಿಗೆ ಮೂರು ಪಟ್ಟೆ, ಎಡತೋಳಿಗೆ ಮೂರು, ಕುತ್ತಿಗೆಗೆ ಒಂದು. ಬಿಳಿಯ ಬಟ್ಟೆ ಉಟ್ಟೆ. ಹೊರಟೆ.

ಬಾವಿಯ ಹತ್ತಿರ ಮೊದಲು ಕಂಡವಳು ಕೆಂಕಿ ಮಾರುವ ಮುದುಕಿ. "ಏನೇ ಅರಬಾ! ಗೆದ್ನೇನೇ?" ಎಂದು ತಲೆಯ ಮೇಲಿನ ಬುಟ್ಟಿಯನ್ನೇ ಕೆಳಗೆ ಬಿಟ್ಟಳು. ಬೀದಿ ತಿರುಗುವಷ್ಟರಲ್ಲಿ ನನ್ನ ಹಿಂದೆ ನಲವತ್ತು ಹೆಂಗಸರು. ನಮ್ಮೂರ ಎರಡನೇ ಕಾವಲು ದಂಡಿನ ಗಂಡಸರು ಬಾವುಟ ತೆಗೆದರು. ಅವರ ಬಾವುಟ ಕಂಡರೆ ಕಲ್ಲು ಎತ್ತಿಕೊಳ್ಳುವ ಒಂದನೇ ದಂಡಿನವರು ಕಾಲು ಕೆರೆದು ಜಗಳಕ್ಕೆ ಬರುತ್ತಾರೆ ಅಂದುಕೊಂಡೆ. ಬಂದರು, ಆದರೆ ಡೋಲು ಹೊತ್ತುಕೊಂಡು! ನನ್ನ ಬೀಗ ಹಾಕಿದ ಅಂಗಡಿಯ ಮುಂದೆ ನಿಂತು ಬಂದೂಕು ಹಾರಿಸಿದರು. ಕೋಟೆಯ ಬಾಗಿಲ ಮುಂದೆ ನಾನು ನಿಧಾನವಾಗಿ ನಡೆದೆ. ಮೇಲಿಂದ ಒಬ್ಬ ದೊರೆ ಕೊಳವೆ ಗಾಜು ಹಿಡಿದು ನೋಡುತ್ತಿದ್ದ. ಅವನಿಗೆ ಚೆನ್ನಾಗಿ ಕಾಣಲೆಂದು ತೋಳು ಎತ್ತಿದೆ.

ಅಲ್ಲಿಂದ ನಿಲ್ಲದೆ ಅಬೆಕೂರಿಗೆ ನಡೆದೆ, ಎರಡು ದಿನ. ದಾರಿಯಲ್ಲಿ ಬೆವರಿಗೆ ಜೇಡಿ ಅಳಿಸಿದಂತೆಲ್ಲ ಮತ್ತೆ ಬಳಿದುಕೊಂಡೆ. ಸುದ್ದಿ ಕೇಳಿ ಐದು ಮಂದಿ ಅರಸರೂ ಅಲ್ಲಿ ಸೇರಿದರು. ಕೋಟೆಗೆ ಹೋಗಲು ಪಲ್ಲಕ್ಕಿ ಸಿದ್ಧ ಮಾಡಿಕೊಂಡಿದ್ದ ಮೂವರೂ ಬಂದರು. ಶನಿವಾರ, ನಿನ್ನ ವಾರ, ಐವರೂ ಅದೇ ಕಾಗದಕ್ಕೆ ಎರಡನೆಯ ಸಲ ಗುರುತು ಒತ್ತಿದರು. ಈ ಕಾಗದ ಓದುವ ಮಹಾರಾಯನೇ, ಐವರೂ. ಒಬ್ಬನೂ ಬಿಟ್ಟಿಲ್ಲ.

ಬೇಗ ಬಾ. ಅಬಾಗೆ ಹೊಸ ಹಲ್ಲು ಬಂದಿದೆ.

ನಿನ್ನ ಹೆಂಡತಿ ಅರಬಾ


ಫ್ರೀಟೌನ್
ಶನಿವಾರ, 22 ಜೂನ್ 1872
(ಬೆನಿವಾಳ ಕೈಯಲ್ಲಿ)

ಅರಬಾ,

ನಿನ್ನ ಕಾಗದ ಈಗಷ್ಟೇ ಓದಿದೆ. ನನ್ನ ಏಪ್ರಿಲ್ ತಿಂಗಳ ಕಾಗದ ನಿನಗೆ ತಲುಪಿಯೇ ಇಲ್ಲ! ಹಡಗು ತಡವಾಯಿತೋ ಏನೋ, ದೇವರೇ ಬಲ್ಲ. ಅರಬಾ, ನಾನು ಗೆದ್ದಿಲ್ಲ. ನ್ಯಾಯಾಧೀಶರು ಇನ್ನೂ ನನ್ನ ಮುಖವನ್ನೇ ನೋಡಿಲ್ಲ. ಆ ಜೇಡಿ ನಿನ್ನನ್ನು ಬಿಡಲು ಕಳಿಸಿದ್ದು. ನಿನ್ನ ಕಾಲ ಮುಂದೆ ಬೀಳಬೇಕಾದದ್ದನ್ನು ನೀನು ತೋಳಿಗೆ ಬಳಿದುಕೊಂಡು ಊರೆಲ್ಲ ನಡೆದೆ. ನನ್ನ ಹುಚ್ಚುತನಕ್ಕೆ ನೀನು ನಗೆಪಾಟಲಾಗುವಂತಾಯಿತು. ನಾನು ಜೇಡಿಯ ಜೊತೆಯಲ್ಲೇ ಒಂದು ಚೀಟಿ ಇಟ್ಟಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ಇನ್ನು ಆ ಐವರು ಅರಸರು! ಸುಳ್ಳು ಗೆಲುವನ್ನು ನಂಬಿ ಗುರುತು ಒತ್ತಿದ್ದಾರೆ. ನಿಜ ಗೊತ್ತಾದ ದಿನ ನಿನ್ನನ್ನು ಏನು ಮಾಡುತ್ತಾರೋ. ದಯವಿಟ್ಟು ಅಬೆಕೂರಿಗೆ ಹೋಗು, ತಪ್ಪು ನನ್ನದು ಎಂದು ಹೇಳು.

ಬೆನಿವಾ ಹೇಗೂ ಹೇಳುತ್ತಾಳೆ, ಆದ್ದರಿಂದ ನಾನೇ ಬರೆಯುತ್ತೇನೆ. ಫೆಬ್ರವರಿಯಿಂದ ಜ್ವರ ಬಂದು ಹೋಗುತ್ತಿದೆ. ಇಲ್ಲಿ ಮೇಜೇ ಇಲ್ಲ, ಮೊಣಕಾಲ ಮೇಲಿಟ್ಟು ಬರೆಯುತ್ತೇನೆ. ಹೋದ ವಾರ ಇಲ್ಲಿನ ಅಧಿಕಾರಿಯೊಬ್ಬ ಬಂದು ಒಂದು ಕಾಗದ ತೋರಿಸಿದ. 'ಒಕ್ಕೂಟ ಮುಗಿಯಿತು, ಅದನ್ನು ಕಟ್ಟಿದ್ದು ತಪ್ಪಾಯಿತು' ಎಂದು ನಾನು ರುಜು ಹಾಕಿದರೆ ಮುಂದಿನ ಹಡಗಿನಲ್ಲೇ ಮನೆಗೆ. ನಾನು ಆಗುವುದಿಲ್ಲ ಎಂದೆ. ಆದರೆ ಜ್ವರ ಏರಿದಾಗ ಆ ಕಾಗದ ಕಣ್ಣ ಮುಂದೆ ಬರುತ್ತದೆ ಅರಬಾ. ನೀನು ನಗೆಪಾಟಲಾಗುವುದಕ್ಕಿಂತ, ನಾನು ಇಲ್ಲಿ ಜ್ವರದಲ್ಲಿ ಸಾಯುವುದಕ್ಕಿಂತ, ರುಜು ಹಾಕಿ ಬಂದುಬಿಡಲೇ? ನೀನು ಹೇಳಿದಂತೆ ಮಾಡುತ್ತೇನೆ.

ಕ್ವಮೆನಾ


ಎನ್ಸುವಾನೊ
ಮಂಗಳವಾರ, 23 ಜುಲೈ 1872
(ಬೆನಿವಾಳ ಕೈಯಲ್ಲಿ)

ಕ್ವಮೆನಾ,

ಈ ಕಾಗದ ಕೋಟೆಯವನು ಓದುವುದಿಲ್ಲ, ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ. ಕೂತು ಓದು. ಮಲಗಿದ್ದರೆ ಎದ್ದು ಕೂರು.

ಮೊದಲನೆಯದು. ನೀನು ಜೇಡಿಯನ್ನು ಯಾತರಲ್ಲಿ ಸುತ್ತಿದ್ದೆ ಎಂದು ನೆನಪಿದೆಯೇ? ನಾನು ಹರಿದು ಕೊಟ್ಟ ಅರ್ಧ ಬಟ್ಟೆಯಲ್ಲಿ. ಗೆದ್ದವನು ಹೆಂಡತಿಯ ಬಟ್ಟೆಯನ್ನು ಹಿಂದಕ್ಕೆ ಕಳಿಸುತ್ತಾನೆಯೇ? ಗಂಟು ಬಿಚ್ಚಿದ ಕೂಡಲೇ ಎಕುವಾ ಚಿಕ್ಕಮ್ಮ ಬಾಯಿಗೆ ಕೈ ಹಚ್ಚಿದಳು. "ಮಗಳೇ, ಇದು ತೋಳಿನ ಜೇಡಿ ಅಲ್ಲ, ಕಾಲಿನ ಜೇಡಿ. ಬಿಟ್ಬಿಟ್ಟ ಕಣೇ ನಿನ್ನ" ಎಂದು ಅಳಲು ಶುರುಮಾಡಿದಳು. ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅತ್ತೆ. ಆ ಬಟ್ಟೆಯಲ್ಲಿ ನಿನ್ನ ಬೆವರಿನ ವಾಸನೆ ಇತ್ತು, ಅಂದರೆ ನೀನು ಅದನ್ನು ಮಡಿಸಿಡದೆ ಹೊದ್ದಿದ್ದೆ. ಅದಕ್ಕೆ ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು ಉಂಡೆಯನ್ನು ನೋಡಿದೆ. ಕೋಟೆಯ ಗಡುವಿಗೆ ಹನ್ನೆರಡು ದಿನವಿತ್ತು. ಜೇಡಿ ಇತ್ತು. ಜೇಡಿ ಬಂದದ್ದನ್ನು ಕಂಡವರು ನಾವು ಇಬ್ಬರೇ. ಬೆನಿವಾಗೆ ಗಂಟಿನಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ, ಅವಳು ಅದೇ ಹಡಗಿನಲ್ಲಿ ಮುಂದಕ್ಕೆ ಹೋಗಿಯೂ ಆಗಿತ್ತು. "ಚಿಕ್ಕಮ್ಮ, ನೀರು ತಾ" ಎಂದೆ.

"ಯಾಕೇ?"

"ಜೇಡಿ ಕಲಸೋಕೆ."

ಅವಳು ನನ್ನ ಮುಖ ನೋಡಿದಳು. ನೀರು ತಂದು, ಅವಳೇ ತನ್ನ ಮೂರು ಬೆರಳಿನಿಂದ ನನ್ನ ತೋಳಿಗೆ ಪಟ್ಟೆ ಎಳೆದಳು.

ನಾನು ತಪ್ಪು ತಿಳಿಯಲಿಲ್ಲ ಕ್ವಮೆನಾ. ತಿಳಿದೇ ಬಳಿದುಕೊಂಡೆ. ಊರಿನಲ್ಲಿ ಯಾರಿಗೂ 'ಗೆದ್ದ' ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರು ಕೇಳಿದರು, ನಾನು ನಡೆದೆ. ಕಾಗದದಲ್ಲಿ ಮಾತ್ರ ಬರೆದೆ, ಅದನ್ನೂ ಕೋಟೆಯವನು ಓದಿ ಉರಿದುಕೊಳ್ಳಲಿ ಎಂದೇ. ನಿನ್ನನ್ನು ಹೆದರಿಸಿದ್ದು ತಪ್ಪು. ಬೇಕಾದರೆ ಬಂದು ಬಯ್ಯಿ.

ಎರಡನೆಯದು. ಸಿಪಾಯಿಗಳು ಹುಡುಕಿದ ಕಸ ಐವರ ಗುರುತಿದ್ದ ಆ ಕಾಗದ. ಗೋಡೆ ಕೆರೆದರು, ಚಿಕ್ಕಮ್ಮನ ಹಾಸಿಗೆ ಹರಿದರು. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ನಾವು ಹೆಂಗಸರು ಮೈ ತುಂಬಿದಂತೆ ಕಾಣಲೆಂದು ಸೊಂಟದ ಹಿಂದೆ ಕಟ್ಟುವ ದಿಂಬನ್ನು ನೀನು ಎಷ್ಟು ಹಾಸ್ಯ ಮಾಡುತ್ತಿದ್ದೆ! ನಿನ್ನ ಒಕ್ಕೂಟ ಅದರೊಳಗಿತ್ತು. ಅದು ಅಬೆಕೂರಿಗೆ ಹೋದದ್ದೂ ಹಾಗೆಯೇ. ಐದು ಮಂದಿ ಅರಸರ ಮೇಲೆ ಎರಡು ದಿನ ಕೂತೆದ್ದ ಹೆಂಗಸು ನಾನೊಬ್ಬಳೇ ಇರಬೇಕು.

ಮೂರನೆಯದು, ಬೊಟ್ವೆ ಮಾವ. ನಿನ್ನ ಏಪ್ರಿಲ್ ಕಾಗದ ಜೇಡಿಗಿಂತ ಐದು ವಾರ ತಡವಾಗಿ, ಜೂನ್ ಕೊನೆಗೆ ಬಂತು, ಅವನಿಗೂ ಬಂತು. ಮರುದಿನವೇ ನಾಲ್ಕು ಸಾಕ್ಷಿಗಳನ್ನು ಕಟ್ಟಿಕೊಂಡು ಬಂದು ಅಂಗಳದಲ್ಲಿ ಕೂತ. ನೀರು ಕೊಟ್ಟೆ.

"ನೋಡಮ್ಮಾ," ಎಂದು ಗಂಟಲು ಸರಿಮಾಡಿಕೊಂಡ, "ನಮ್ಮ ಹುಡುಗ ಜೇಡಿ ಕಳಿಸಿದಾನೆ. ತಾ, ಶಾಸ್ತ್ರ ಮುಗಿಸ್ಬಿಡೋಣ."

"ಎಲ್ಲಿದೆ ಮಾವ? ಖರ್ಚಾಗೋಯ್ತಲ್ಲ."

"ಖರ್ಚಾ?"

"ಊರೆಲ್ಲ ನೋಡಿದೆ. ತೋಳಿಗೆ ಬಳ್ಕೊಂಡೆ. ಇಲ್ಲಿಂದ ಅಬೆಕೂರಿನ ದಾರಿ ಉದ್ದಕ್ಕೂ ಬೆವರಲ್ಲಿ ಇಳಿದೋಯ್ತು. ಬೇಕಾದ್ರೆ ಹೋಗಿ ಗೋರ್ಕೊಂಡು ಬನ್ನಿ."

ಸಾಕ್ಷಿಗಳಲ್ಲಿ ಒಬ್ಬ ನಗು ತಡೆಯಲಾರದೆ ಕೆಮ್ಮಿದ. ಮಾವ ಅವನತ್ತ ದುರುಗುಟ್ಟಿ ನೋಡಿದ. "ಅದಕ್ಕೇನು, ಜೇಡಿಗೆ ಬರಾನಾ? ನಾನೇ ತರ್ತೀನಿ ಬೇರೇದು" ಎಂದ.

"ತನ್ನಿ. ಆದ್ರೆ ಹೆಂಡ್ತೀನ ಬಿಡೋ ಜೇಡಿ ಗಂಡನ ಕೈಯಿಂದ ಬರ್ಬೇಕಲ್ವಾ ಮಾವ? ನಿಮ್ಮ ಕೈ ಜೇಡಿಗೆ ನಾನು ಬಿಟ್ಟುಹೋಗೋಕೆ, ನಾನೇನು ನಿಮ್ಮ ಹೆಂಡ್ತೀನಾ?"

ನಾಲ್ಕು ಸಾಕ್ಷಿಗಳೂ ನಕ್ಕರು. ಕೊನೆಗೆ ಮಾವನೂ ನಕ್ಕ. ಹೋಗುವಾಗ ನನ್ನ ತಲೆ ಮುಟ್ಟಿ, "ಆ ಪೆದ್ದನಿಗೆ ನಾನೇ ಬರೀತೀನಿ" ಎಂದ. ಬರೆದನೋ ಇಲ್ಲವೋ. ಶಾಸ್ತ್ರದ ಪ್ರಕಾರ ನಾನು ಇನ್ನೂ ನಿನ್ನ ಹೆಂಡತಿ. ಅಂಗಡಿಯ ಬೀಗ ಹಾಗೇ ಇದೆ. ಅದರ ಮುಂದೆಯೇ ಚಾಪೆ ಹಾಸಿ ಸುಟ್ಟ ಮೀನು ಮಾರುತ್ತಿದ್ದೇನೆ. ಮೀನಿಗೆ ಕೋಟೆಯವರ ಅಪ್ಪಣೆ ಬೇಕಿಲ್ಲ.

ಇನ್ನು ಅರಸರು. ನೀನು ಹೇಳುವ ಮೊದಲೇ ನಾನು ಅಬೆಕೂರಿಗೆ ಹೋದೆ. ಐವರೂ ಛತ್ರಿಗಳ ಕೆಳಗೆ ಕೂತಿದ್ದರು. ನಾನು ಮಂಡಿಯೂರಿ, ಕ್ವಮೆನಾ ಗೆದ್ದಿಲ್ಲ, ಜೇಡಿ ನನ್ನನ್ನು ಬಿಡಲು ಬಂದದ್ದು, ನಾನು ತಿಳಿದೇ ಬಳಿದುಕೊಂಡೆ, ಗುರುತು ಅಳಿಸುವವರು ಅಳಿಸಬಹುದು ಎಂದು ಹೇಳಿ ಕಾಗದವನ್ನು ಅವರ ಮುಂದೆ ಹಾಸಿದೆ. ಮುದಿ ಅರಸ ಅಮಿಸಾ ಯಾವಾಗಲೂ ತನ್ನ ಮಾತುಗಾರನ ಬಾಯಿಂದಲೇ ಮಾತಾಡುವವನು. ಮಾತುಗಾರ ಕೋಲು ಹಿಡಿದು ಮುಂದೆ ಬಂದ. ಅರಸ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಬಾಯಿ ತೆರೆದ.

"ಎದ್ದೇಳು ಹೆಣ್ಣೇ. ಗೆದ್ದೋನ ಹೆಂಡ್ತಿ ನಗ್ತಾ ಬರ್ತಾಳೆ. ನೀನು ಹಲ್ಲು ಕಚ್ಕೊಂಡು ಬಂದಿದ್ದೆ. ಅದು ಬಿಟ್ಟ ಜೇಡಿ ಅಂತ ನನಗೆ ಅವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಗುರುತು ಒತ್ತಿದ್ರಾ?"

"ನಿನ್ನ ಗಂಡ ಗೆದ್ದ ಅಂತ ಒತ್ತಲಿಲ್ಲ. ಬಿಟ್ಟ ಹೆಂಡ್ತಿ ಎರಡು ದಿನ ನಡೆದು ಬಂದ್ಳು, ಪಲ್ಲಕ್ಕಿ ಇರೋ ನಾವು ಹೋಗೋದು ಕೋಟೆಗಾ ಅಂತ ನಾಚಿಕೆ ಆಯ್ತು."

ಉಳಿದವರಲ್ಲಿ ಇಬ್ಬರು ಅರಸರಿಗೆ ಸಿಟ್ಟು ಬಂದಿತ್ತು. ಬೈದರು, ಚೆನ್ನಾಗಿಯೇ ಬೈದರು. ನಾನು ತಲೆ ತಗ್ಗಿಸಿ ಕೇಳಿದೆ. ಆದರೆ ಕಾಗದ ಅಲ್ಲೇ ನೆಲದ ಮೇಲೆ ಹಾಸಿತ್ತು, ಒಬ್ಬನೂ ಬಗ್ಗಿ ತನ್ನ ಗುರುತು ಅಳಿಸಲಿಲ್ಲ. ಜೂನ್ ಮುಗಿದು ಜುಲೈ ಮುಗಿಯುತ್ತ ಬಂತು. ಐದು ಸಿಂಹಾಸನಗಳೂ ಇದ್ದಲ್ಲೇ ಇವೆ.

ಈಗ ನಿನ್ನ ಪ್ರಶ್ನೆ. ರುಜು ಹಾಕಿ ಬಂದುಬಿಡಲೇ ಎಂದು ಕೇಳಿದ್ದೀಯ. ನಾನು ಹೇಳಿದಂತೆ ಮಾಡುತ್ತೇನೆ ಎಂದಿದ್ದೀಯ. ಹಾಕಬೇಡ ಎಂದು ನಾನು ಬರೆದು, ನೀನು ಅಲ್ಲಿ ಜ್ವರದಲ್ಲಿ ಹೋಗಿಬಿಟ್ಟರೆ ನಾನು ಬದುಕಿರುವಷ್ಟು ದಿನ ಆ ಸಾಲು ನನ್ನ ಕೊರಳಲ್ಲಿರುತ್ತದೆ. ಆದ್ದರಿಂದ ಅದನ್ನು ಬರೆಯುವುದಿಲ್ಲ. ರುಜು ಹಾಕಿ ಬಂದರೆ ದಂಡೆಗೆ ಬಂದು ಕರೆದುಕೊಂಡು ಹೋಗುತ್ತೇನೆ, ಬಿಸಿ ಸಾರು ಬಡಿಸುತ್ತೇನೆ. ಹಾಕದೆ ಉಳಿದರೆ ಮಂಗಳವಾರ ಮಂಗಳವಾರ ಬರೆಯುತ್ತೇನೆ. ಎರಡರಲ್ಲೂ ಹೆಂಡತಿಯೇ. ಆದರೆ ಇನ್ನೊಂದು ಸಲ ನನ್ನ ಒಳ್ಳೆಯದಕ್ಕೆ ಎಂದು ನನ್ನನ್ನು ಬಿಡಬೇಡ. ನನ್ನ ಒಳ್ಳೆಯದು ಏನೆಂದು ನನ್ನನ್ನು ಕೇಳು. ಮತ್ತೆ, ಸಾಯಬೇಡ. ಇದು ಬೇಡಿಕೆಯಲ್ಲ, ಅಪ್ಪಣೆ. ಜ್ವರಕ್ಕೆ ತೊಗಟೆ ಕಟ್ಟಿಕೊಟ್ಟಿದ್ದೇನೆ, ಕುದಿಸಿ ಕುಡಿ, ಕಹಿ ಎಂದು ಮುಖ ಕಿವುಚಬೇಡ.

ಮಾವನಿಗೆ ಜೇಡಿಯೆಲ್ಲ ಖರ್ಚಾಯಿತು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಹೆಬ್ಬೆರಳಿನಷ್ಟು ಉಳಿಸಿಕೊಂಡಿದ್ದೆ. ಅದೇ ಅರ್ಧ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ನೀನು ನನ್ನ ಕಾಲಿಗೆ ಕಳಿಸಿದ್ದು. ನಾನು ನಿನ್ನ ತೋಳಿಗೆ ಕಳಿಸುತ್ತಿದ್ದೇನೆ. ತೀರ್ಪು ಬಂದ ದಿನ ಬಳಿದುಕೋ.

ಅರಬಾ


ಫ್ರೀಟೌನ್
ಶನಿವಾರ, 17 ಆಗಸ್ಟ್ 1872

ಅರಬಾ,

ಅಂಚೆಯಲ್ಲೇ ಹಾಕುತ್ತಿದ್ದೇನೆ, ಕೋಟೆಯವರು ಓದಲಿ. ತೊಗಟೆಯ ಕಷಾಯ ಕುಡಿದೆ, ಮುಖ ಕಿವುಚಿದೆ, ಜ್ವರ ಇಳಿದಿದೆ. ಬಟ್ಟೆ ಹೊದ್ದಿದ್ದೇನೆ.

ನಾಡಿದ್ದು ಸೋಮವಾರ ನ್ಯಾಯಾಧೀಶರು ನನ್ನ ಅರ್ಜಿ ಕೇಳುತ್ತಾರಂತೆ. ಆ ಅಧಿಕಾರಿ ನಿನ್ನೆ ಮತ್ತೆ ತನ್ನ ಕಾಗದ ಹಿಡಿದು ಬಂದ. ಬರೆಯಲು ಮೇಜಿಲ್ಲ ಎಂದೆ. ಮೇಜು ತರಿಸುತ್ತೇನೆ ಎಂದ. ಬೇಡ, ನನ್ನ ಹೆಂಡತಿಯನ್ನು ಕೇಳಿದೆ, ಅವಳು ನನ್ನಿಷ್ಟಕ್ಕೆ ಬಿಟ್ಟಿದ್ದಾಳೆ, ನನಗೆ ಇಷ್ಟವಿಲ್ಲ ಎಂದೆ. ಕಾಗದ ಮಡಿಸಿಕೊಂಡು ಹೋದ.

ತೀರ್ಪಿನ ದಿನ ಬಳಿದುಕೋ ಎಂದು ಬರೆದಿದ್ದೆ. ಅಷ್ಟು ದಿನ ಕಾಯಲಾಗಲಿಲ್ಲ. ಇವತ್ತೇ ನೀರಿನಲ್ಲಿ ಕಲಸಿ ಬಲತೋಳಿಗೆ ಮೂರು ಪಟ್ಟೆ ಎಳೆದುಕೊಂಡು ಬೀದಿಯ ಕೊನೆಯವರೆಗೆ ನಡೆದು ಬಂದೆ. ಸೋಮವಾರ ಹೀಗೆಯೇ ನ್ಯಾಯಾಧೀಶರ ಮುಂದೆ ನಿಲ್ಲುತ್ತೇನೆ.

ಎಡತೋಳಿಗೆ ಸಾಲಲಿಲ್ಲ. ಇನ್ನಷ್ಟು ಕಳಿಸು.

ನಿನ್ನ ಗಂಡ ಕ್ವಮೆನಾ